ಎದೆಗೆ ಬೆಂಕಿ, ಬೆನ್ನಿಗೆ ಚಳಿ

ಮಾಗಿಯ ಚಳಿ ಎಂದೊಡನೆ ನನ್ನ ನೆನಪಿಗೆ ಬರುವುದು ಹಳ್ಳಿಯ ಮನೆಯ ಬಚ್ಚಲೊಲೆ. ನಸುಕಿನಲ್ಲೇ ಎದ್ದು ಅಜ್ಜಿ ಹಂಡೆಗೆ ನೀರು ತುಂಬಿ, ಒಲೆಗೆ ತೆಂಗಿನ ಗರಿ, ಕರಟ, ಒಂದೆರಡು ಕೊರಡು ಒಡ್ಡಿ ಉರಿ ಹಚ್ಚುತ್ತಿದ್ದರು. ನಾವು ಹುಡುಗರು ಕಂಬಳಿ ಹೊದ್ದು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದೆವು. ಎದೆ ಬೇಯುತ್ತಿತ್ತು, ಬೆನ್ನು ಕೊರೆಯುತ್ತಿತ್ತು. "ನೀರು ಕಾಯಲೆಂದು ಹಾಕಿದ ಸೌದೆಯನ್ನು ನೀವೇ ಕಾಯಿಸಿಕೊಂಡು ಮುಗಿಸಬೇಡಿರೋ" ಎಂದು ಅಜ್ಜಿ ಗದರುವರು. ನಾವು ಒಮ್ಮೆ ಬೆನ್ನು ತಿರುಗಿಸಿ ಕುಳಿತು ಮತ್ತೆ ಮುಂದಕ್ಕೆ ತಿರುಗುತ್ತಿದ್ದೆವು.

ನಮ್ಮ ಸೀಮೆಯಲ್ಲಿ ಇದು ಒಂದು ಗಳಿಗೆಯ ಮಾತು. ಬಿಸಿಲೇರಿತೆಂದರೆ ಚಳಿಯ ಸುದ್ದಿ ಮುಗಿಯಿತು. ವರ್ಷದಲ್ಲಿ ಐದಾರು ತಿಂಗಳು ಹಗಲಿರುಳೂ ಬೆಂಕಿಯ ಹಂಗಿನಲ್ಲಿ ಬದುಕಬೇಕಾದ ದೇಶಗಳಲ್ಲಿ ಹಾಗಲ್ಲ. ಅಲ್ಲಿ ಮಕ್ಕಳನ್ನು ಬೆಚ್ಚಗಿಡುವುದೂ ಉರುವಲನ್ನು ಉಳಿಸುವುದೂ ಸಂಸಾರದ ದೊಡ್ಡ ಲೆಕ್ಕ. ಈ ಲೆಕ್ಕವನ್ನು ಬೇರೆ ಬೇರೆ ಜನ ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡರು. ರಷ್ಯದವರು ಬೆಂಕಿಯನ್ನು ದಪ್ಪ ಇಟ್ಟಿಗೆಯ ಒಡಲಿನಲ್ಲಿ ಮುಚ್ಚಿ, ಹೊಗೆಯನ್ನು ಸುತ್ತಿಬಳಸಿ ಹೊರಗೆ ಬಿಟ್ಟು, ಶಾಖವನ್ನು ಇಟ್ಟಿಗೆಯಲ್ಲೇ ಹಿಡಿದಿಟ್ಟರು. ಕೊರಿಯದವರು ಅಡುಗೆಯೊಲೆಯ ಹೊಗೆಯನ್ನು ನೆಲದಡಿಯಲ್ಲಿ ಹರಿಸಿ ನೆಲವನ್ನೇ ಬೆಚ್ಚಗೆ ಮಾಡಿದರು. ಇಂಗ್ಲಿಷರು ಮಾತ್ರ ಕಣ್ಣಿಗೆ ಕಾಣುವ ಬೆಂಕಿಯೇ ಬೇಕೆಂದು ಹಟ ಹಿಡಿದರು. ಗೋಡೆಯಲ್ಲೊಂದು ತೆರೆದ ಅಗ್ಗಿಷ್ಟಿಕೆ, ಅದರ ಮೇಲೆ ಹೊಗೆಗೂಡು, ಮುಂದೆ ಅರ್ಧಚಂದ್ರಾಕಾರವಾಗಿ ಕುಳಿತ ಕುಟುಂಬ. ನಮ್ಮ ಬಚ್ಚಲೊಲೆಯ ದೋಷವೆಲ್ಲ ಅದರಲ್ಲೂ ಉಂಟು. ಉರಿದ ಕಲ್ಲಿದ್ದಲಿನ ಶಾಖದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಹೊಗೆಯೊಡನೆ ಆಕಾಶಕ್ಕೆ ಸಲ್ಲುತ್ತದೆ. ಸಾಲದುದಕ್ಕೆ, ಹೊಗೆಗೂಡು ಮೇಲಕ್ಕೆ ಸೆಳೆದ ಗಾಳಿಯ ಜಾಗವನ್ನು ತುಂಬಲು ಬಾಗಿಲ ಸಂದಿನಿಂದ ಹೊರಗಿನ ಶೀತಗಾಳಿ ಒಳಗೆ ನುಗ್ಗುತ್ತದೆ.

ಈ ಬೆಂಕಿಯ ಮೇಲೆ ಸರಕಾರದ ಕಣ್ಣೂ ಬಿದ್ದಿತು. 1662ರಲ್ಲಿ ಎರಡನೆಯ ಚಾರ್ಲ್ಸನ ಆಳ್ವಿಕೆಯಲ್ಲಿ ಒಲೆಯೊಂದಕ್ಕೆ ವರ್ಷಕ್ಕೆ 2 ಷಿಲಿಂಗ್ ತೆರಿಗೆ ಬಂತು. ತೀರ ಬಡವರಿಗೆ ವಿನಾಯಿತಿಯೇನೋ ಇತ್ತು. ಆದರೆ ತೆರಿಗೆಯ ಆಳು ಮನೆಯೊಳಕ್ಕೇ ನುಗ್ಗಿ ಒಲೆಗಳನ್ನು ಎಣಿಸುವುದನ್ನು ಯಾವ ಗೃಹಿಣಿ ತಾನೇ ಸಹಿಸಿಯಾಳು? ಜನ ಒಲೆಗಳನ್ನು ಇಟ್ಟಿಗೆಯಿಂದ ಮುಚ್ಚಿ ಲೆಕ್ಕ ತಪ್ಪಿಸಿದರು. 1689ರಲ್ಲಿ ಹೊಸ ದೊರೆ ವಿಲಿಯಂ ಪಟ್ಟಕ್ಕೆ ಬಂದಾಗ ಜನರ ಒಲವು ಗಳಿಸಲು ಈ ತೆರಿಗೆಯನ್ನೇ ಮೊದಲು ತೆಗೆಯಬೇಕಾಯಿತು.

ಅಗ್ಗಿಷ್ಟಿಕೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವನು ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫರ್ಡ್. ವಿಚಿತ್ರ ಮನುಷ್ಯ. 1753ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಹುಟ್ಟಿ, ಅಲ್ಲಿಯ ಸ್ವಾತಂತ್ರ್ಯ ಸಮರದಲ್ಲಿ ಇಂಗ್ಲೆಂಡಿನ ದೊರೆಯ ಪಕ್ಷ ವಹಿಸಿ, ಹೆಂಡತಿಯನ್ನೂ ಎಳೆಯ ಮಗಳನ್ನೂ ಬಿಟ್ಟು ಓಡಿಬಂದವನು. ಲೋಕದ ಸಂಸಾರಗಳನ್ನೆಲ್ಲ ಬೆಚ್ಚಗಿಡಲು ಹೊರಟವನು ಸ್ವಂತ ಸಂಸಾರವನ್ನು ಹೀಗೆ ತೊರೆದಿದ್ದ. ಬವೇರಿಯದ ಅರಸನ ಸೇವೆಗೆ ಸೇರಿ ಮ್ಯೂನಿಕ್ ನಗರದ ಭಿಕ್ಷುಕರಿಗೆ ಕೆಲಸಶಾಲೆ ತೆರೆದಾಗ, ಕಡಮೆ ಸೌದೆಯಲ್ಲಿ ನೂರಾರು ಜನರಿಗೆ ಗಂಜಿ ಕಾಯಿಸುವ ಒಲೆ ಕಟ್ಟಿಸಿದ. ಉಣ್ಣೆ, ತುಪ್ಪುಳಗಳು ಬೆಚ್ಚಗಿರುವುದು ಅವುಗಳ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ ಎಂದು ಪ್ರಯೋಗ ಮಾಡಿ ತೋರಿಸಿದವನೂ ಇವನೇ. ಅಜ್ಜಿಯ ಕಂಬಳಿಯ ಗುಟ್ಟೂ ಅದೇ.

1795ರ ಸುಮಾರಿಗೆ ರಮ್‌ಫರ್ಡ್ ಲಂಡನ್ನಿಗೆ ಬಂದಾಗ ಅಲ್ಲಿಯ ಅಗ್ಗಿಷ್ಟಿಕೆಗಳು ಎತ್ತು ಕಟ್ಟುವಷ್ಟು ಅಗಲವಾಗಿದ್ದವು. ಮನೆಯವರನ್ನು ಕಾಯಿಸುವುದು ಉರಿಯಿಂದ ನೇರವಾಗಿ ಹೊಮ್ಮುವ ಶಾಖ ಮಾತ್ರ. ಕಾದ ಗಾಳಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ ಎಂಬುದನ್ನು ಅವನು ಕಂಡುಕೊಂಡ. ಅವನು ಹೇಳಿದ ಪರಿಹಾರ ಗಾರೆಯವನೊಬ್ಬ ಒಂದು ದಿನದಲ್ಲಿ ಮಾಡಿ ಮುಗಿಸುವಂಥದು. ಗೂಡಿನ ಆಳ ತಗ್ಗಿಸುವುದು, ಪಕ್ಕದ ಗೋಡೆಗಳನ್ನು ಓರೆಯಾಗಿಸಿ ಶಾಖವನ್ನು ಕೋಣೆಗೆ ಪ್ರತಿಫಲಿಸುವುದು, ಹೊಗೆಗೂಡಿನ ಗಂಟಲನ್ನು ನಾಲ್ಕು ಅಂಗುಲಕ್ಕೆ ಕಿರಿದಾಗಿಸುವುದು, ಇಷ್ಟೆ. ಕಡಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಬಿಸಿ ದೊರೆಯಿತು, ಕೋಣೆಯ ಹೊಗೆಯೂ ತಗ್ಗಿತು. ಜೇನ್ ಆಸ್ಟೆನ್‌ಳ 'ನಾರ್ಥ್ಯಾಂಗರ್ ಆಬಿ' ಓದಿದವರಿಗೆ ನೆನಪಿರಬಹುದು. ಪುರಾತನ ಮಠದಲ್ಲಿ ಭಯಂಕರ ರಹಸ್ಯಗಳನ್ನು ನಿರೀಕ್ಷಿಸಿ ಬಂದ ಕಥಾನಾಯಕಿಗೆ ಅಲ್ಲಿ ಕಾಣುವುದು ಅಚ್ಚುಕಟ್ಟಾದ ಒಂದು ರಮ್‌ಫರ್ಡ್ ಅಗ್ಗಿಷ್ಟಿಕೆ! ಆದರೂ ಬೆಂಕಿಯನ್ನು ಪೂರ್ತಿ ಮುಚ್ಚಲು ಇಂಗ್ಲಿಷರು ಒಪ್ಪಲಿಲ್ಲ. ಅದರ ಬಾಯಿಯನ್ನು ಚಿಕ್ಕದು ಮಾಡಿದರು. ಉರಿಯನ್ನು ಕಣ್ಣೆದುರಿಗೇ ಉಳಿಸಿಕೊಂಡರು.

ಈ ಮೋಹಕ್ಕೆ ಅತ್ಯುತ್ತಮ ವಕೀಲನಾಗಿ ದೊರೆತವನು ಜಾರ್ಜ್ ಆರ್ವೆಲ್. 1945ರ ಡಿಸೆಂಬರಿನಲ್ಲಿ ಲಂಡನ್ನಿನ 'ಈವನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಯಲ್ಲಿ ಅವನು ತೆರೆದ ಬೆಂಕಿಯ ಪರವಾಗಿ ಒಂದು ಪ್ರಬಂಧ ಬರೆದ. ಆ ಬೆಂಕಿ ಕೊಳಕು, ದುಂದು ಎಂಬ ಆಕ್ಷೇಪಣೆಗಳನ್ನು ಅವನು ಅರಿಯದವನಲ್ಲ. ಆದರೆ ಅದು ಕೋಣೆಯ ಒಂದು ಮೂಲೆಯನ್ನು ಮಾತ್ರ ಕಾಯಿಸುವುದರಿಂದಲೇ ಮನೆಮಂದಿಯನ್ನು ಒಂದೆಡೆ ಸೇರಿಸುತ್ತದೆ ಎಂಬುದು ಅವನ ವಾದ. ಎಲ್ಲ ಕೋಣೆಗಳೂ ಸಮನಾಗಿ ಬೆಚ್ಚಗಾದರೆ ಗಂಡ, ಹೆಂಡತಿ, ಮಕ್ಕಳು ತಲೆಗೊಂದು ದಿಕ್ಕಾಗುತ್ತಾರೆ. ಸೊಗಸಾದ ಮಾತು, ನಿಜವಾದ ಮಾತು. ಆದರೆ ಬೆಳಗ್ಗೆ ನಡುಗುತ್ತ ಎದ್ದು ಬೂದಿ ಬಾಚಿ ಮತ್ತೆ ಉರಿ ಎಬ್ಬಿಸುವ ಹೆಂಗಸಿನ ಸಾಕ್ಷ್ಯವನ್ನೂ ಕೇಳಬೇಕಿತ್ತೆಂದು ನನಗನ್ನಿಸುತ್ತದೆ.

ಅದಾದ ಹದಿಮೂರು ತಿಂಗಳಿಗೆ ಪರೀಕ್ಷೆಯ ಕಾಲ ಬಂತು. ಇಂಗ್ಲೆಂಡು ಯುದ್ಧ ಗೆದ್ದು ಬಸವಳಿದಿತ್ತು. ಬ್ರೆಡ್ಡಿಗೂ ರೇಷನ್, ಬಟ್ಟೆಗೂ ರೇಷನ್. 1947ರ ಜನವರಿ 1ರಂದು ಕಲ್ಲಿದ್ದಲ ಗಣಿಗಳು ರಾಷ್ಟ್ರದ ಸ್ವತ್ತಾದವು. ಮೂರು ವಾರ ಕಳೆಯುವಷ್ಟರಲ್ಲಿ ಹಿಮ ಸುರಿಯತೊಡಗಿತು. ಜನವರಿ 22ರಿಂದ ಮಾರ್ಚ್ ನಡುವಿನವರೆಗೆ ಆ ದ್ವೀಪದ ಒಂದಲ್ಲ ಒಂದು ಕಡೆ ಹಿಮ ಬೀಳದ ದಿನವಿರಲಿಲ್ಲ. ಲಂಡನ್ನಿನ ಕ್ಯೂ ವೀಕ್ಷಣಾಲಯದಲ್ಲಿ ಫೆಬ್ರವರಿ 2ರಿಂದ 22ರವರೆಗೆ ಸೂರ್ಯನ ಮುಖವೇ ಕಾಣಲಿಲ್ಲ. ಗಣಿಗಳ ಬಾಯಲ್ಲಿ ಕಲ್ಲಿದ್ದಲ ರಾಶಿ ಹೆಪ್ಪುಗಟ್ಟಿ ನಿಂತಿತು. ಅದನ್ನು ಹೊತ್ತ ರೈಲುಗಳು ಹಿಮದಲ್ಲಿ ಹೂತುಹೋದವು. ಅಗ್ಗಿಷ್ಟಿಕೆಗೆ ಕಲ್ಲಿದ್ದಲು ಸಾಲದೆಂದು ಜನ ಮುಂಚಿನಿಂದಲೇ ವಿದ್ಯುತ್ ಒಲೆಗಳನ್ನು ಕೊಂಡಿದ್ದರು. ಆ ವಿದ್ಯುತ್ತಾದರೂ ಹುಟ್ಟುವುದು ಕಲ್ಲಿದ್ದಲಿನಿಂದಲೇ ತಾನೆ? ಎಡಗೈಯಲ್ಲಿ ಉಳಿಸಿದ್ದನ್ನು ಬಲಗೈ ಉರಿಸಿಬಿಟ್ಟಿತ್ತು.

ಫೆಬ್ರವರಿ 7ರಂದು ಇಂಧನ ಮಂತ್ರಿ ಇಮ್ಯಾನುಯಲ್ ಷಿನ್‌ವೆಲ್ ಸಂಸತ್ತಿನಲ್ಲಿ ಎದ್ದು ನಿಂತು ಸತ್ಯ ಹೇಳಬೇಕಾಯಿತು. 10ರಿಂದ ದೇಶದ ಬಹುಭಾಗದ ಕಾರ್ಖಾನೆಗಳಿಗೆ ವಿದ್ಯುತ್ ನಿಂತಿತು. ಮನೆಗಳಲ್ಲಿ ಬೆಳಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 4 ದೀಪವನ್ನಾಗಲಿ ಒಲೆಯನ್ನಾಗಲಿ ಹಚ್ಚುವಂತಿರಲಿಲ್ಲ. 20 ಲಕ್ಷಕ್ಕೂ ಮಿಕ್ಕಿದ ಜನ ಕೆಲಸವಿಲ್ಲದೆ ಕುಳಿತರು. ಕಚೇರಿಗಳಲ್ಲಿ ಮೇಣದಬತ್ತಿ ಉರಿಯಿತು. ಹಾಸಿಗೆಯಲ್ಲೂ ಓವರ್‌ಕೋಟು ಬಿಚ್ಚದೆ ಮಲಗಿದರು. ತಾಯಂದಿರು ಮಕ್ಕಳ ಕೈಗಾಡಿಯಿಂದ ಮಗುವನ್ನು ಇಳಿಸಿ, ಆ ಗಾಡಿ ತಳ್ಳಿಕೊಂಡು ಗ್ಯಾಸ್ ಕಾರ್ಖಾನೆಯ ಮುಂದೆ ಒಂದು ಮೂಟೆ ಕೋಕಿಗಾಗಿ ಸಾಲು ನಿಂತರು. ಬಾನುಲಿಯಲ್ಲಿ ಮಾತಾಡುವ ನನ್ನಂಥವರಿಗೂ ವಾರಪತ್ರಿಕೆಯ ಓದುಗರಿಗೂ ತಟ್ಟುವ ಇನ್ನೊಂದು ಸಂಗತಿಯಿದೆ. ಬಿ.ಬಿ.ಸಿ.ಯ ಟೆಲಿವಿಷನ್ನೂ, ಸಾಹಿತ್ಯ ಸಂಗೀತಗಳಿಗೆ ಮೀಸಲಾಗಿದ್ದ ಥರ್ಡ್ ಪ್ರೋಗ್ರಾಮೂ ಬಾಯಿ ಮುಚ್ಚಿದವು. ವಾರಪತ್ರಿಕೆಗಳು ಎರಡು ವಾರ ಅಚ್ಚಾಗಲಿಲ್ಲ. ಮನೆಯವರನ್ನು ಒಂದೆಡೆ ಸೇರಿಸುವ ಉರಿ ಇಲ್ಲದಾಗ ಅವರಿಗೆ ಕೇಳಲೂ ಓದಲೂ ಹೆಚ್ಚೇನೂ ಉಳಿಯಲಿಲ್ಲ.

ಆ ನಡುಕದ ನಡುವೆಯೇ, ಫೆಬ್ರವರಿ 20ರಂದು, ಪ್ರಧಾನಿ ಆಟ್ಲೀ 1948ರ ಜೂನ್ ಒಳಗೆ ಭಾರತದ ಆಡಳಿತವನ್ನು ಭಾರತೀಯರಿಗೆ ಒಪ್ಪಿಸುವುದಾಗಿ ಘೋಷಿಸಿದರು. ಚಳಿಯೇ ನಮಗೆ ಸ್ವರಾಜ್ಯ ತಂದಿತೆಂದರೆ ಅದು ಹರಟೆಯಾದೀತು. ಆದರೂ ಸೂರ್ಯ ಮುಳುಗದ ಸಾಮ್ರಾಜ್ಯದ ರಾಜಧಾನಿಯಲ್ಲಿ ಆ ವಾರ ಸೂರ್ಯನೇ ಇರಲಿಲ್ಲ ಎಂಬುದನ್ನು ನೆನೆದಾಗ ನಗು ತಡೆಯಲಾರೆ.

ತೆರೆದ ಬೆಂಕಿಯ ಯುಗ ಮುಗಿದದ್ದು ಚಳಿಯಿಂದಲ್ಲ, ಹೊಗೆಯಿಂದ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಮುಸುಕಿದ ಹೊಗೆಮಂಜಿಗೆ ಬಲಿಯಾದವರು 4,000 ಎಂದು ಮೊದಲು ಎಣಿಸಿದರು. ಈಚಿನ ಸಂಶೋಧನೆ 12,000ದವರೆಗೂ ಹೋಗುತ್ತದೆ. 1956ರ ಕಾಯಿದೆಯಿಂದ ಹೊಗೆರಹಿತ ವಲಯಗಳು ಬಂದವು. ಮುಂದೆ ಸಮುದ್ರದಡಿಯ ಗ್ಯಾಸ್ ಬಂತು, ಅದರೊಡನೆ ಕೋಣೆ ಕೋಣೆಗೂ ಬಿಸಿನೀರಿನ ಕೊಳವೆ ಹೋಯಿತು. ಆರ್ವೆಲ್ ಅಂಜಿದಂತೆಯೇ ಮಕ್ಕಳು ತಂತಮ್ಮ ಕೋಣೆ ಸೇರಿಕೊಂಡರು.

2022ರಲ್ಲಿ ಯುಕ್ರೇನಿನ ಯುದ್ಧದಿಂದ ಗ್ಯಾಸಿನ ಬೆಲೆ ಏರಿದಾಗ ಅನೇಕ ಸಂಸಾರಗಳು ಉಳಿದ ಕೋಣೆಗಳ ಬಿಸಿಯನ್ನು ಆರಿಸಿ ಮತ್ತೆ ಒಂದೇ ಕೋಣೆಗೆ ಬಂದವು. ಅದಕ್ಕೂ ಶಕ್ತಿಯಿಲ್ಲದವರಿಗಾಗಿ ಆ ಚಳಿಗಾಲದಲ್ಲಿ ಊರೂರಿನ ಚರ್ಚುಗಳೂ ಸಾರ್ವಜನಿಕ ಗ್ರಂಥಾಲಯಗಳೂ ಬೆಚ್ಚನೆಯ ತಾಣಗಳೆಂದು ಬಾಗಿಲು ತೆರೆದವು. ಪುಸ್ತಕದ ಕಪಾಟುಗಳ ನಡುವೆ ಅಪರಿಚಿತರು ಕೋಟು ಬಿಚ್ಚಿಟ್ಟು, ಬಿಸಿ ಚಹದ ಬಟ್ಟಲು ಹಿಡಿದು, ಸಂಜೆ ಬಾಗಿಲು ಹಾಕುವವರೆಗೂ ಒಟ್ಟಿಗೆ ಕುಳಿತಿರುತ್ತಿದ್ದರು.