ಮಣ್ಣಿನ ಹದ, ಮೋಡದ ಹದ

ಮುಂಗಾರಿನಲ್ಲಿ ಶಿರಾ ಕಡೆಯ ರೈತರನ್ನು ಮಳೆ ಹೇಗೆ ಎಂದು ಕೇಳಿ. ‘ಹದ ಆಗೈತೆ’ ಎನ್ನುತ್ತಾರೆ, ಇಲ್ಲವೇ ‘ಹದ ಆಗ್ಲಿಲ್ಲ’. ಹಿಡಿ ಮಣ್ಣು ಹಿಸುಕಿದರೆ ಉಂಡೆ ಕಟ್ಟಬೇಕು, ಕೈಬಿಟ್ಟರೆ ಉದುರಬೇಕು, ಅಂಗೈಗೆ ಮೆತ್ತಬಾರದು. ಕೆಮ್ಮಣ್ಣಿನಲ್ಲಿ ಇದು ಕೆಲವೇ ದಿನದ ಮಾತು. ಅಷ್ಟರೊಳಗೆ ಕೂರಿಗೆ ಹೂಡದಿದ್ದರೆ ಹದ ಆರಿತು.

ಪದ ಹಳೆಯದು. ಪಾಲು ಹಾಲಾದ, ಪಾವು ಹಾವಾದ ದಾರಿಯಲ್ಲೇ ‘ಪದ’ ಹದವಾಯಿತು. (ಮಾತು, ಹೆಜ್ಜೆ ಎಂಬರ್ಥದ ಸಂಸ್ಕೃತದ ಪದ ಬೇರೆ.) ತಮಿಳಿನಲ್ಲಿ ಅದು ಇನ್ನೂ ‘ಪದಂ’. ತೆಲುಗಿನ ‘ಪದುನು’ ನೆಲದ ತೇವಕ್ಕೂ ಸಲ್ಲುತ್ತದೆ, ಕತ್ತಿಯ ಹರಿತಕ್ಕೂ ಸಲ್ಲುತ್ತದೆ. ಆಂಧ್ರದ ಸೆರಗಿನಲ್ಲಿರುವ ಪಾವಗಡದಲ್ಲಿ ಹದ, ಪದುನು ಎಂಬ ಈ ಅಕ್ಕತಂಗಿಯರಿಬ್ಬರೂ ಬಳಕೆಯಲ್ಲಿದ್ದಾರೆ. ನಮ್ಮ ಹದವೂ ಹೊಲ ದಾಟಿ ಬೆಲ್ಲದ ಪಾಕಕ್ಕೆ, ಚರ್ಮಕ್ಕೆ, ಮಾತಿಗೆ ಹೋಯಿತು. ಈಗ ರಸ್ತೆಯೂ ಆರೋಗ್ಯವೂ ಹದಗೆಡುತ್ತವೆ. ‘ಹದಬೆದೆ’ ಎಂಬ ಜೋಡಿಯಲ್ಲಷ್ಟೇ ಅದು ಪೂರ್ತಿ ಒಕ್ಕಲಿನದಾಗಿ ಉಳಿದಿದೆ.

ವಿಜ್ಞಾನ ಇದನ್ನು ತೇವಾಂಶ ಎನ್ನುತ್ತದೆ, ಮತ್ತು ಅದು ಬೀಜಕ್ಕಷ್ಟೇ ಅಲ್ಲ, ಮುಂದಿನ ಮಳೆಗೂ ಬೇಕು ಎನ್ನುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,450 ಕಿಲೋಜೂಲ್ ಶಾಖ ಬೇಕು. ನೆಲ ಹಸಿಯಿದ್ದರೆ ಬಿಸಿಲು ಆವಿಯಾಗಿಸುವುದರಲ್ಲೇ ಖರ್ಚಾಗುತ್ತದೆ. ಗಾಳಿಗೆ ತೇವ ಸೇರಿ ಮೋಡ ತಗ್ಗಿನಲ್ಲೇ ಕಟ್ಟುತ್ತದೆ. ಒಣಗಿದ್ದರೆ ಅದೇ ಬಿಸಿಲು ಗಾಳಿಯನ್ನು ಕಾಯಿಸಿ ಮೇಲೆತ್ತುತ್ತದೆ. ಮಣ್ಣಿನ ತೇವ ಮಳೆಯನ್ನು ಹೆಚ್ಚು ಪ್ರಭಾವಿಸುವ ಪ್ರದೇಶಗಳಲ್ಲಿ ಭಾರತವೂ ಒಂದೆಂದು 2004ರಲ್ಲಿ ಹವಾಮಾನ ಮಾದರಿಗಳ ಅಧ್ಯಯನವೊಂದು ಗುರುತಿಸಿತು. 2012ರಲ್ಲಿ ಉಪಗ್ರಹ ಮಾಹಿತಿ ಹಿಡಿದ ಇನ್ನೊಂದು ಅಧ್ಯಯನ, ಮಧ್ಯಾಹ್ನದ ಮಳೆ ಸುತ್ತಲಿಗಿಂತ ಒಣಗಿದ ನೆಲದ ಮೇಲೇ ಹೆಚ್ಚು ಸುರಿಯುತ್ತದೆ ಎಂದಿತು. ಜಗಳವೇನಿಲ್ಲ: ಮೋಡಕ್ಕೆ ತೇವವೂ ಬೇಕು, ಎತ್ತುವ ಬಿಸಿಯೂ ಬೇಕು. ಅದಕ್ಕೂ ಹದ ಎಂದರೆ ನಿಘಂಟಿಗೇನೂ ಭಂಗವಿಲ್ಲ.

ಆದರೆ ನೆಲದ ತೇವವೊಂದೇ ಸಾಲದು. ಜೂನ್‌-ಜುಲೈನಲ್ಲಿ ಪಡುವಣ ಗಾಳಿ ತನ್ನ ನೀರನ್ನು ಪಶ್ಚಿಮಘಟ್ಟದಲ್ಲೇ ಸುರಿದು ಮಧುಗಿರಿ, ಕೊರಟಗೆರೆಗಳ ಮೇಲೆ ಬೀಸಿಕೊಂಡು ಹೋಗುತ್ತದೆ. ಶಿರಾ, ಪಾವಗಡ ಸೇರಿ ಈ ನಾಲ್ಕೂ ತಾಲ್ಲೂಕಿಗೆ ದೊಡ್ಡ ಮಳೆ ಸೆಪ್ಟೆಂಬರ್‌, ಅಕ್ಟೋಬರಿನದು. ಶೇಂಗಾ ಬಿತ್ತನೆ ಮಾತ್ರ ಅದಕ್ಕೆ ಕಾಯುವಂತಿಲ್ಲ. ಹಾಗಾಗಿ ಜುಲೈನ ತುಂತುರಿನಲ್ಲಿ ಲೆಕ್ಕ ತಪ್ಪುತ್ತದೆ. 2.5 ಮಿ.ಮೀ. ಬಿದ್ದರೆ ಹವಾಮಾನ ಇಲಾಖೆಯ ಕಡತದಲ್ಲಿ ಅದು ಮಳೆಯ ದಿನ. ಹೊಲದಲ್ಲಿ ಧೂಳು ಅಡಗಿರುತ್ತದೆ, ಬೀಜದ ಮೂಟೆ ಮನೆಯಲ್ಲೇ ಇರುತ್ತದೆ.