ವಾದ್ಯಗುರು ಎಕರ್ಟ್

ರಾಜ್ಯಗಳ ಚರಿತ್ರೆಯನ್ನು ಬರೆಯುವವರು ದಂಡನಾಯಕರನ್ನು ನೆನೆಯುವರಲ್ಲದೆ ದಂಡಿನ ವಾದ್ಯಮೇಳದ ನಾಯಕನನ್ನು ನೆನೆಯುವುದು ವಿರಳ. ಫ್ರಾನ್ಸ್ ಎಕರ್ಟ್ ಎಂಬಾತನು ಅಂತಹ ನಾಯಕರಲ್ಲೊಬ್ಬನು. 1852ರಲ್ಲಿ ಪ್ರಷ್ಯದ ಸೈಲೀಸಿಯ ಪ್ರಾಂತದಲ್ಲಿ ಜನಿಸಿ, ಸೈನಿಕ ಬ್ಯಾಂಡಿನಲ್ಲಿ ನುರಿತು, 1879ರಲ್ಲಿ ಜಪಾನಿನ ನೌಕಾಪಡೆಯ ಬ್ಯಾಂಡಿಗೆ ಶಿಕ್ಷಕನಾಗಿ ಹೋದನು. ಮರುವರ್ಷ ಅಲ್ಲಿನ ಆಸ್ಥಾನಸಂಗೀತಗಾರರು ಪ್ರಾಚೀನ ಪದ್ಯವೊಂದಕ್ಕೆ ರಾಗವನ್ನು ಕಟ್ಟಲು, ಈತನು ಅದನ್ನು ಪಾಶ್ಚಾತ್ಯ ವಾದ್ಯಗಳಿಗೆ ಹೊಂದಿಸಿಕೊಟ್ಟನು. ಅದೇ ‘ಕಿಮಿಗಯೊ’ ಎಂಬ ಜಪಾನಿನ ರಾಷ್ಟ್ರಗೀತವು.

ಸುಮಾರು 20 ವರ್ಷ ಅಲ್ಲಿ ದುಡಿದು 1899ರಲ್ಲಿ ಸ್ವದೇಶಕ್ಕೆ ಮರಳಿದವನನ್ನು 1901ರಲ್ಲಿ ಕೊರಿಯದ ಚಕ್ರವರ್ತಿ ಕೊಜೊಂಗನ ಆಸ್ಥಾನವು ಬರಮಾಡಿಕೊಂಡಿತು. ಸಿಯೋಲ್ ನಗರದಲ್ಲಿ ಯುವಕರಿಗೆ ವಾದ್ಯಗಳನ್ನು ಕಲಿಸಿ, ಬ್ಯಾಂಡನ್ನು ಕಟ್ಟಿ, 1902ರಲ್ಲಿ ಆ ರಾಜ್ಯಕ್ಕೂ ರಾಷ್ಟ್ರಗೀತವನ್ನು ಸಂಯೋಜಿಸಿದನು.

1910ರಲ್ಲಿ ಜಪಾನು ಕೊರಿಯವನ್ನು ನುಂಗಿತು. ಕೊರಿಯದ ಗೀತವು ನಿಷಿದ್ಧವಾಯಿತು. ಅದರ ಸ್ಥಾನದಲ್ಲಿ ಮೊಳಗಿದುದು ‘ಕಿಮಿಗಯೊ’. ಹೀಗೆ ತನ್ನ ಕೈಯ ಒಂದು ಕೆಲಸವು ಮತ್ತೊಂದನ್ನು ಅಡಗಿಸಿದುದು ಆ ಗುರುವಿನ ಜೀವಿತದಲ್ಲಿಯೇ ನಡೆಯಿತು. ಆದರೂ ಆತನು ಸಿಯೋಲನ್ನು ಬಿಡಲಿಲ್ಲ. 1916ರಲ್ಲಿ ಅಲ್ಲಿಯೇ ತೀರಿಕೊಂಡು, ವಿದೇಶೀಯರ ಶ್ಮಶಾನದಲ್ಲಿ ಮಣ್ಣಾದನು. ವಿದ್ಯೆಯನ್ನು ಕೊಟ್ಟವನಿಗೆ ಅದರ ವಿನಿಯೋಗದ ಮೇಲೆ ಅಧಿಕಾರವಿಲ್ಲವೆಂಬುದಕ್ಕೆ ಈತನ ಬಾಳೇ ಸಾಕ್ಷಿ.