ಕಲ್ಲುಬೆಟ್ಟಗಳ ಹಳೆಯ ಒಕ್ಕಲು

ಶಿಡ್ಲಘಟ್ಟದಿಂದ ಯಾವ ದಿಕ್ಕಿಗೆ ಹೊರಟರೂ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ಒಣಗಿದ ಕೆರೆಯಂಗಳ ದಾಟಿದ ಮೇಲೆ ಎದುರಾಗುವುದು ಕಲ್ಲುಬೆಟ್ಟ. ಚಿಕ್ಕಬಳ್ಳಾಪುರದ ಕಡೆಗೆ ನಂದಿ, ಬ್ರಹ್ಮಗಿರಿ, ಸ್ಕಂದಗಿರಿ, ಚನ್ನಕೇಶವ ಬೆಟ್ಟಗಳ ಗುಂಪು, ಚಿಂತಾಮಣಿಯ ಕಡೆಗೆ ಅಂಬಾಜಿದುರ್ಗ ಮತ್ತು ಕೈವಾರದ ಬೆಟ್ಟ, ತಾಲ್ಲೂಕಿನೊಳಗೇ ತಲಕಾಯಲಬೆಟ್ಟ, ಇನ್ನೂ ಆಚೆಗೆ ಗುಡಿಬಂಡೆಯ ಕೋಟೆಗುಡ್ಡ. ಇವುಗಳಲ್ಲಿ ನಂದಿಯೊಂದಕ್ಕೆ ಪ್ರವಾಸಿಗರ ಪ್ರೀತಿ ಸಿಕ್ಕಿದೆ. ಮಿಕ್ಕವುಗಳಲ್ಲಿ ಕೆಲವು ಅರಣ್ಯದ ಲೆಕ್ಕಕ್ಕೆ ಸೇರಿವೆ. ಹಲವು ಗುಡ್ಡಗಳಿಗೆ ಪಹಣಿಯಲ್ಲಿ ಸಿಕ್ಕಿರುವ ದರ್ಜೆ ಖರಾಬು, ಎಂದರೆ ಉಳಲು ಬಿತ್ತಲು ಬಾರದ ನೆಲ. ಕಂದಾಯದ ಕಣ್ಣಿಗೆ ಅದು ಸರಿಯೇ ಇರಬಹುದು. ಆದರೆ ಆ ದರ್ಜೆಯನ್ನೇ ಬೆಟ್ಟದ ಪೂರ್ತಿ ಬೆಲೆಯೆಂದು ನಾವು ನಂಬಿಬಿಟ್ಟಿದ್ದೇವೆ, ಕೆಡುಕು ಶುರುವಾಗುವುದು ಅಲ್ಲಿಂದ. ಈ ಸೀಮೆಯ ಸಾವಿರಾರು ವರ್ಷಗಳ ಮನುಷ್ಯ ಚರಿತ್ರೆ ಮತ್ತು ಅದಕ್ಕಿಂತ ಎಷ್ಟೋ ಹಳೆಯದಾದ ಜೀವಚರಿತ್ರೆ ಎರಡೂ ಈ ಬಂಡೆಗಳನ್ನೇ ಆಶ್ರಯಿಸಿ ನಡೆದಿವೆ. ಎರಡಕ್ಕೂ ಆಧಾರವಾದದ್ದು ಬಂಡೆಯ ಅವೇ ಗುಣಗಳು.

ಮೊದಲು ಕಲ್ಲಿನ ಮಾತು. ಭೂವಿಜ್ಞಾನಿಗಳು ಪೂರ್ವ ಧಾರವಾಡ ಕ್ರೇಟಾನ್ ಎಂದು ಕರೆಯುವ ಭೂಖಂಡದ ತುಣುಕಿನ ಮೇಲೆ ನಮ್ಮ ಜಿಲ್ಲೆ ಕೂತಿದೆ. ಇಲ್ಲಿನ ನೈಸ್ ಮತ್ತು ಗ್ರಾನೈಟ್ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಮಿಗಿಲು. ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ಆರಿ ಗಟ್ಟಿಯಾಗಿ ಈ ಕಲ್ಲಾಯಿತು. ಆಮೇಲೆ, ಸುಮಾರು 237 ಕೋಟಿ ವರ್ಷಗಳ ಹಿಂದೆ, ಅದರ ಬಿರುಕುಗಳಿಗೆ ಮತ್ತೊಮ್ಮೆ ಶಿಲಾರಸ ನುಗ್ಗಿ ಕಪ್ಪುಕಲ್ಲಿನ ಗೋಡೆಗಳಂಥ ಡೈಕುಗಳಾದವು. ಬೆಂಗಳೂರಿನ ಸುತ್ತಲಿನ ನಾಡಿನಲ್ಲೆಲ್ಲ ಅವು ಬಹುಮಟ್ಟಿಗೆ ಪೂರ್ವ–ಪಶ್ಚಿಮವಾಗಿ ಹಾದುಹೋಗಿವೆ. ಮೇಲಿನ ಹೊದಿಕೆ ಕೋಟಿಗಟ್ಟಲೆ ವರ್ಷಗಳ ಮಳೆಗಾಳಿಗೆ ಸವೆದಂತೆ ಒಳಗಿನ ಗಟ್ಟಿ ಭಾಗ ಉಳಿದು ಬೆಟ್ಟವಾಯಿತು. ಹಿಮಾಲಯದಂತೆ ನೆಲ ಮಡಿಚಿ ಎದ್ದ ಬೆಟ್ಟಗಳಲ್ಲ ಇವು. ಸುತ್ತಲಿನದು ತಗ್ಗಿದ್ದರಿಂದ ಎತ್ತರವಾದವು. ಮೇಲಿನ ಭಾರ ಕಳೆದ ಬಂಡೆ ಹಿಗ್ಗಿ, ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಬಿಡುತ್ತದೆ. ಹಾಗೆ ಬಿಟ್ಟ ಚಪ್ಪಡಿಗಳು ಜಾರಿ, ಒಡೆದು, ಮೂಲೆಗಳು ಉರುಟಾಗಿ ಬುಡದಲ್ಲಿ ಗುಂಡುಕಲ್ಲುಗಳ ರಾಶಿ ಬೀಳುತ್ತದೆ. ಮೇಲೆ ಹಾಸುಬಂಡೆ, ಅದರ ತಗ್ಗುಗಳಲ್ಲಿ ಮಳೆನೀರು ನಿಲ್ಲುವ ದೊಣೆ, ಬುಡದಲ್ಲಿ ಗವಿ ಸಂದುಗಳ ಗೋಜಲು. ಈ ಸೀಮೆಯ ಕಲ್ಲುಬೆಟ್ಟಗಳ ಮೈಕಟ್ಟೇ ಹೀಗೆ.

ಈ ಮೈಕಟ್ಟನ್ನು ಅರಸರು ಬೇಗ ಅರ್ಥಮಾಡಿಕೊಂಡರು. ತಲಕಾಡಿನ ಗಂಗರು ತಮ್ಮ ಶಾಸನಗಳಲ್ಲಿ ನಂದಗಿರಿನಾಥರೆಂದು ಹೇಳಿಕೊಂಡರು. ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ ಸಂಬಂಧಿಸಿದ ಶಾಸನ ಕ್ರಿ.ಶ. 806ರದು, ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಕಾಲದ್ದು. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಅಲ್ಲಿ ಕಟ್ಟುತ್ತ ಹೋದರು. ಬೆಟ್ಟದ ತಲೆಯ ಮೇಲೆ ಯೋಗನಂದೀಶ್ವರ ನೆಲೆಗೊಂಡ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೈಯಿಂದ ಹೈದರಾಲಿ, ಟಿಪ್ಪು ಸುಲ್ತಾನರ ಕೈಗೆ ಬಂದ ಕೋಟೆ ಇನ್ನಷ್ಟು ಬಲಗೊಂಡಿತು. ಕಾರ್ನ್‌ವಾಲಿಸನ ಸೇನೆ 1791ರಲ್ಲಿ ಅದನ್ನು ಮುತ್ತಿದಾಗ ಮೂರು ವಾರ ಹೆಣಗಬೇಕಾಯಿತು. ಗೋಡೆ ಒಡೆದು ಒಳನುಗ್ಗಿದ್ದು ಅಕ್ಟೋಬರ್‌ನಲ್ಲಿ. ಕೋಟೆಯ ಶಕ್ತಿಯೆಲ್ಲ ಮನುಷ್ಯ ಕಟ್ಟಿದ ಗೋಡೆಯದಲ್ಲ. ಮೂರು ಮಗ್ಗುಲಿನ ಕಡಿದಾದ ಬಂಡೆಯೇ ನಿಜವಾದ ಗೋಡೆಯಾಗಿತ್ತು. ಮೇಲೆ ನಿಂತ ನೀರು, ಕೆಳಗಿನಿಂದ ಏರಲಾಗದ ಇಳಿಜಾರು, ಬಯಲಿನಿಂದ ಬೇರ್ಪಟ್ಟ ನೆಲೆ: ದಂಡಿನವರಿಗೆ ಬೇಕಾದ ಈ ಮೂರೂ ಕಾಡುಜೀವಿಗಳಿಗೂ ಬೇಕಾದವೇ.

ಹಳದಿ ಕೊರಳಿನ ಪಿಕಳಾರವನ್ನೇ ನೋಡಿ. 1840ರ ದಶಕದಲ್ಲಿ ಟಿ. ಸಿ. ಜೆರ್ಡನ್ ವಿಜ್ಞಾನಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಊರ ತೋಟಗಳಲ್ಲಿ ಕಾಣುವ ಪಿಕಳಾರಗಳ ಹಾಗೆ ಎಲ್ಲೆಂದರಲ್ಲಿ ಬದುಕುವುದಿಲ್ಲ. ಗುಂಡುಬಂಡೆಗಳ ನಡುವೆ ಕುರುಚಲು ಮತ್ತು ಹಣ್ಣಿನ ಗಿಡಗಳು ಬೆಳೆದ ಇಳಿಜಾರೇ ಅದರ ಮನೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಪಾಯಕ್ಕೆ ಈಡಾಗಬಹುದಾದ ಪ್ರಭೇದ. ಅದನ್ನು ಅರಸಿ ಪಕ್ಷಿವೀಕ್ಷಕರು ಮೊದಲು ಬರುವ ಜಾಗಗಳಲ್ಲಿ ನಂದಿಬೆಟ್ಟವೂ ಒಂದು. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಒದಗಿಸಿದ್ದು ಹಲ್ಲಿಗಳು. ಇಷಾನ್ ಅಗರ್ವಾಲ್ ಮತ್ತು ಸಂಗಡಿಗರು 2020ರಲ್ಲಿ ಮೈಸೂರು ಪ್ರಸ್ಥಭೂಮಿಯ ಗ್ರಾನೈಟ್ ಬಂಡೆಗಳಿಂದ ನೆಮಾಸ್ಪಿಸ್ ಕುಲದ ಮೂರು ಹೊಸ ಹಲ್ಲಿಗಳನ್ನು ವಿವರಿಸಿದರು. ಒಂದಕ್ಕೆ ಯಲಗಿರಿಯ ಹೆಸರು, ಒಂದಕ್ಕೆ ಗ್ರಾನೈಟಿನ ಹೆಸರು, ಮತ್ತೊಂದಕ್ಕೆ ಬಂಗಾರ ಎಂಬ ನಮ್ಮದೇ ಮಾತು. ಈ ಹಲ್ಲಿಗಳ ಕವಲು ಮಯೊಸೀನ್ ಯುಗದಲ್ಲೇ, ಎಂದರೆ 53 ಲಕ್ಷ ವರ್ಷಗಳಿಗೂ ಹಿಂದೆ, ತನ್ನ ಬಳಗದಿಂದ ಬೇರೆಯಾಗಿತ್ತು ಎಂಬುದು ಆ ಅಧ್ಯಯನದ ಮುಖ್ಯ ತೀರ್ಮಾನ. ಹೊರಗಿನ ಹವಾಮಾನ ಒಣಗುತ್ತ ಹೋದಾಗ ತಂಪು, ತೇವ, ನೆರಳು ಉಳಿದದ್ದು ಬಂಡೆಸಂದುಗಳಲ್ಲಿ. ಜೀವವೂ ಅಲ್ಲೇ ಉಳಿಯಿತು. ನಾಲ್ಕು ವರ್ಷ ಮೊದಲು ಇದೇ ಪ್ರಸ್ಥಭೂಮಿಯಿಂದ ನೆಲದ ಮೇಲೆ ಬದುಕುವ ಎರಡು ಹೊಸ ಹಲ್ಲಿಗಳು ವಿಜ್ಞಾನದ ಪುಸ್ತಕ ಸೇರಿದ್ದವು. ಅವುಗಳಲ್ಲೊಂದು ಹೊತ್ತಿರುವುದು ಚಿಂತಾಮಣಿಯಿಂದ ಬಹಳ ದೂರವಿಲ್ಲದ, ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಹೆಸರು. ಖರಾಬೆಂದು ಬರೆದಿಟ್ಟ ಬಗೆಯ ನೆಲದಲ್ಲಿ ಇಂದಿಗೂ ಹೊಸ ಪ್ರಭೇದಗಳು ಸಿಗುತ್ತಿವೆ ಎಂಬುದನ್ನು ಶಾಲೆಯ ಮಕ್ಕಳಿಗೆ ತಪ್ಪದೆ ಹೇಳಬೇಕು.

ಒಂಟಿ ಬೆಟ್ಟಗಳ ವೈಶಿಷ್ಟ್ಯವೆಂದರೆ ಓದಿದವರಿಗೆ ನೆನಪಾಗುವುದು ಆಫ್ರಿಕ. ಮಲಾವಿ ದೇಶದ ಬಯಲಿನಲ್ಲಿ ಒಂಟಿಯಾಗಿ ಎದ್ದಿರುವ ಮುಲಾಂಜೆ ಗಿರಿಯ ತುದಿ 3,002 ಮೀಟರ್. ಅಲ್ಲಿನ ಮುಲಾಂಜೆ ಸೀಡರ್ ಮರ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಅದರ ಮುಂದೆ 1,478 ಮೀಟರಿನ ನಂದಿ ಎಷ್ಟರದು, ಸುತ್ತಲಿನ ಬಯಲೇ 900 ಮೀಟರಿನ ಆಸುಪಾಸಿನಲ್ಲಿರುವಾಗ ಇಲ್ಲೇನು ದ್ವೀಪ, ಏನು ಏಕಾಂತ ಎಂದು ಯಾರಾದರೂ ಕೇಳಬಹುದು. ಎತ್ತರದಲ್ಲಿ ಹೋಲಿಕೆಯಿಲ್ಲ, ಒಪ್ಪೋಣ. ಆದರೆ ಬೆರಳುದ್ದದ ಹಲ್ಲಿಗೆ ಎರಡು ಬಂಡೆಗುಡ್ಡಗಳ ನಡುವಿನ ಉತ್ತ ಹೊಲವೇ ದಾಟಲಾರದ ಕಡಲು. ಏಕಾಂತವನ್ನು ಅಳೆಯಬೇಕಾದದ್ದು ಅಲ್ಲಿ ಬದುಕುವ ಜೀವಿಯ ಶಕ್ತಿಯಿಂದ. ಪಿಕಳಾರದ ವಿಷಯದಲ್ಲಿ ಆಕ್ಷೇಪ ಬೇರೆ: ಅದು ಆಂಧ್ರ, ತಮಿಳುನಾಡಿನ ಬೆಟ್ಟಗಳಲ್ಲೂ ಇದೆಯಲ್ಲ, ನಮ್ಮದೇನು ವಿಶೇಷ? ಇದೆ, ಆದರೆ ಚದುರಿದ ತುಣುಕುಗಳಲ್ಲಿ ಇದೆ. ಇಂಥ ಹಕ್ಕಿಗೆ ನಡುವಿನ ಪ್ರತಿ ಗುಡ್ಡವೂ ಒಂದು ತಂಗುದಾಣ. ನಡುವಿನದು ಹೋದರೆ ಆಚೀಚೆಯ ಎರಡೂ ಒಂಟಿಯಾಗುತ್ತವೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಂದಿಯ ತಲೆಯ ಮೇಲಿನ ಹಸಿರು ಬಹುಪಾಲು ಮನುಷ್ಯ ನೆಟ್ಟದ್ದು. ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿ ಬಂಗಲೆ ಕಟ್ಟಿಸಿಕೊಂಡ ಕಾಲದಿಂದ ಅದು ದೊರೆಗಳ ಬೇಸಿಗೆ ತಾಣ. ನೀಲಗಿರಿ, ಸಿಲ್ವರ್ ಓಕ್, ತೋಟದ ಹೂಗಿಡಗಳು ಪರದೇಶದಿಂದ ಬಂದವು. ಹೀಗಿರುವಾಗ ಅದನ್ನು ಸಹಜ ವನ್ಯಲೋಕ ಎನ್ನಬಹುದೇ? ತುದಿಯ ತೋಟವನ್ನು ಎನ್ನಲಾಗದು. ಆದರೂ ಪಶ್ಚಿಮಘಟ್ಟದ ನೀಲಗಿರಿ ಕಾಡುಪಾರಿವಾಳ ಇಷ್ಟು ಪೂರ್ವಕ್ಕೆ ಬಂದು ಈ ತುದಿಯ ಮರಗಳಲ್ಲಿ ಕಾಣಿಸಿಕೊಳ್ಳುತ್ತದೆ, ಹಿಮಾಲಯದ ಕಡೆಯ ಹಾಡುಹಕ್ಕಿಗಳು ಚಳಿಗಾಲ ಕಳೆಯುತ್ತವೆ. ನೆಟ್ಟ ಮರಕ್ಕೂ ಇಲ್ಲಿ ಬೆಲೆ ಬಂದದ್ದು ಎತ್ತರದ ತಂಪು ಮತ್ತು ಮಂಜಿನ ತೇವದಿಂದ, ಎಂದರೆ ಬೆಟ್ಟದಿಂದ. ಈ ಸೀಮೆಯ ನಿಜವಾದ ಸ್ವಂತ ಜೀವಿಗಳಿರುವುದು ತುದಿಯಲ್ಲಲ್ಲ, ಯಾರೂ ಫೋಟೊ ತೆಗೆಯದ ನಡುಮಗ್ಗುಲಿನ ಬಂಡೆರಾಶಿಯಲ್ಲಿ. ನಾವು ಉದ್ಯಾನಕ್ಕೆ ಬೇಲಿ ಹಾಕಿದೆವು, ಇಳಿಜಾರನ್ನು ಮರೆತೆವು.

ನೀರಿನ ಲೆಕ್ಕವೂ ಇದೇ ಇಳಿಜಾರಿಗೆ ಸೇರುತ್ತದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ನಂದಿಯ ಸುತ್ತಿನ ಬೆಟ್ಟಗಳಿಂದ ಹೊರಡುತ್ತವೆ. ಪಾಪಾಗ್ನಿಯ ತಲೆ ನಮ್ಮ ಶಿಡ್ಲಘಟ್ಟ ಸೀಮೆಯಲ್ಲಿದೆ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆಯಲ್ಲಿ ಹಿಂದಿನವರು ಸಾಲುಕೆರೆಗಳನ್ನು ಕಟ್ಟಿದ್ದು ಬಂಡೆಯ ಮೇಲಿಂದ ಇಳಿದ ಮಳೆನೀರು ಹಿಡಿಯಲೆಂದೇ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬದುಕುವ ಊರು ಹಿಪ್ಪುನೇರಳೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಲೇಬೇಕು. ಬಿರುಕುಗಳಲ್ಲಿ ಇಂಗಿದ ನೀರೇ ಬಾವಿಯ ನೀರು, ಈಗ ಬೋರಿನ ನೀರು.

ಹಾಗೆಂದು ಕಲ್ಲು ಮುಟ್ಟಲೇಬಾರದೆನ್ನುವುದು ಚರಿತ್ರೆಗೆ ಅಪಚಾರ. ಈ ಸೀಮೆಯ ಗುಡಿ, ಕೋಟೆ, ಚಪ್ಪಡಿ ಹೊದಿಸಿದ ಮನೆ, ದ್ರಾಕ್ಷಿ ಚಪ್ಪರದ ಕಲ್ಲುಕೂಚ ಎಲ್ಲ ಇದೇ ಬಂಡೆಯವು. ಕಲ್ಲುಕುಟಿಗರ ಮನೆತನಗಳು ಬೆಂಕಿಯ ಕಾವು ಕೊಟ್ಟು ಪದರು ಎಬ್ಬಿಸಿ, ಉಳಿಯಿಂದ ಸೀಳಿ ತಲೆಮಾರುಗಟ್ಟಲೆ ಬಾಳಿದವು. ಅವರು ತೆಗೆದದ್ದು ಬಂಡೆ ತಾನಾಗಿ ಬಿಡುತ್ತಿದ್ದ ಪದರನ್ನು. ಬೆಟ್ಟ ನಿಂತೇ ಇತ್ತು. ಸ್ಫೋಟಕ ಮತ್ತು ಕ್ರಷರ್ ಬಂದ ಮೇಲೆ ಬೆಟ್ಟ ಬುಡಸಮೇತ ಜಲ್ಲಿಯಾಗುತ್ತಿದೆ, ಎಂ ಸ್ಯಾಂಡ್ ಆಗುತ್ತಿದೆ. ಬೆಂಗಳೂರಿಗೆ ಕಲ್ಲು ಬೇಕು, ಇಲ್ಲಿನವರಿಗೆ ಕೂಲಿ ಬೇಕು ಎಂಬ ವಾದ ಸುಳ್ಳಲ್ಲ. ಆದರೆ ಆ ಕೂಲಿಯ ಬೆಲೆ ಏನೆಂಬುದನ್ನು 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತಾಗ ಕಂಡಿದ್ದೇವೆ. ಅದೇ ವರ್ಷ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯ ಮಗ್ಗುಲಿನಿಂದ ಮಣ್ಣು, ಬಂಡೆ ಜಾರಿ ನಂದಿಗೆ ಹೋಗುವ ರಸ್ತೆ ಕಿತ್ತುಹೋಯಿತು. ಅದಕ್ಕೆ ಕ್ವಾರಿಯೇ ಕಾರಣವೆಂದು ನಾನು ಹೇಳುವುದಿಲ್ಲ, ಭಾರಿ ಮಳೆ ಸುರಿದಿತ್ತು. ಆದರೆ ಇಳಿಜಾರು ಎಷ್ಟು ಸೂಕ್ಷ್ಮವೆಂದು ತಿಳಿಯಲು ಅಷ್ಟು ಸಾಕು.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಒಂದು ಗುಡ್ಡವನ್ನು ಗುತ್ತಿಗೆಗೆ ಕೊಡುವ ಮುನ್ನ ಕಲ್ಲಿನ ಘನ ಅಳತೆಯ ಜೊತೆಗೆ ಅಲ್ಲಿನ ದೊಣೆ, ಗವಿ, ಹಣ್ಣಿನ ಮರ, ಹಕ್ಕಿ, ಹಲ್ಲಿಗಳನ್ನೂ, ಕೆಳಗಿನ ಕೆರೆಗೆ ಇಳಿಯುವ ಕಾಲುವೆಯನ್ನೂ ಪಟ್ಟಿಮಾಡಿ ಗ್ರಾಮಸಭೆಯ ಮುಂದೆ ಇಡಬೇಕು. ನಂದಿಯನ್ನಷ್ಟೇ ಕಾಯದೆ ಸ್ಕಂದಗಿರಿ, ತಲಕಾಯಲಬೆಟ್ಟ, ಅಂಬಾಜಿದುರ್ಗ, ಕೈವಾರ, ಗುಡಿಬಂಡೆಗಳನ್ನೂ ನಡುವಿನ ಹೆಸರಿಲ್ಲದ ಗುಡ್ಡಗಳನ್ನೂ ಒಂದೇ ಸಾಲೆಂದು ತಿಳಿದು ಕಾಯಬೇಕು. ಶಿಡ್ಲಘಟ್ಟ, ಚಿಂತಾಮಣಿಯ ಪಂಚಾಯಿತಿಗಳು ಈ ಪಟ್ಟಿಯನ್ನು ಕೇಳಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲೇ ಕೇಳಲಿ.